ಮಂಡಿಗೆ ಹೋಗದ ಕಿತ್ತಳೆ ಮನೆಯ ಬಾಟಲಿಗೆ: ಮಾರ್ಮಲೇಡ್ ಮಾಡುವ ಹದ

ಕಿತ್ತಳೆ ಕೊಯ್ಲು ಮುಗಿದ ಮೇಲೆ ನಮ್ಮ ಕಡೆ ಹೆಚ್ಚುಕಡಿಮೆ ಎಲ್ಲ ಮನೆಯ ಜಗಲಿಯಲ್ಲೂ ಒಂದು ಬುಟ್ಟಿ ಉಳಿದೇ ಉಳಿಯುತ್ತೆ. ಗಾತ್ರ ಸಣ್ಣದು, ಸಿಪ್ಪೆ ಮೇಲೆ ಮಚ್ಚೆ, ಒಂದು ಬದಿ ಇನ್ನೂ ಹಸಿರು. ವ್ಯಾಪಾರಿ ಕೈಯಲ್ಲಿ ಹಿಡಿದು ನೋಡಿ ಪಕ್ಕಕ್ಕೆ ಎಸೆದ ಹಣ್ಣುಗಳು ಇವು. ಎರಡು ದಿನ ಮಕ್ಕಳು ತಿಂತಾರೆ, ಮೂರನೇ ದಿನ ಯಾರೂ ಮುಟ್ಟಲ್ಲ, ವಾರ ಕಳೆದರೆ ಸೀದಾ ಗೊಬ್ಬರದ ಗುಂಡಿಗೆ.

ಈ ವಾರದ ಲೇಖನ ಆ ಬುಟ್ಟಿಯ ಬಗ್ಗೆ. ನಾನು ತೋಟಗಾರಿಕೆ ಓದಿದವನು. ಈಗ ಸೋಮವಾರಪೇಟೆ ಕಡೆ ಕಾಫಿ, ಮೆಣಸಿನ ನಡುವೆ ಹನ್ನೊಂದು ಕಿತ್ತಳೆ ಮರ ಇಟ್ಟುಕೊಂಡು ಸಾವಯವ ಕೃಷಿ ಮಾಡ್ತಿದ್ದೇನೆ. ಪ್ರತಿ ವರ್ಷ ಚಳಿಗಾಲದಲ್ಲಿ ಒಂದು ಭಾನುವಾರ ನಮ್ಮ ಮನೆಯಲ್ಲಿ ಮಾರ್ಮಲೇಡ್ ಮಾಡೋದು ರೂಢಿ. ಜಾಮ್ ಅಂದ್ರೆ ಎಲ್ಲರಿಗೂ ಗೊತ್ತು. ಮಾರ್ಮಲೇಡ್ ಅಂದ್ರೆ ಸಿಪ್ಪೆ ಸಮೇತ ಮಾಡುವ ಕಿತ್ತಳೆ ಜಾತಿಯ ಹಣ್ಣಿನ ಪಾಕ. ಬಾಯಿಗೆ ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಸಣ್ಣ ಕಹಿ. ನಾವು ಯಾವುದನ್ನು ಕಸ ಅಂತ ಎಸೀತೀವೋ, ಆ ಸಿಪ್ಪೆ, ಬಿಳಿ ನಾರು, ಬೀಜ, ಅದೇ ಇಲ್ಲಿ ಮುಖ್ಯ ಸಾಮಾನು. ಇದೊಂದು ಮಾತು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಹೆಸರು ಹೊರಗಿನದು, ರುಚಿ ನಮ್ಮದೇ

ಮಾರ್ಮಲೇಡ್ ಅನ್ನೋ ಪದ ಪೋರ್ಚುಗೀಸ್ ಭಾಷೆಯಿಂದ ಬಂದದ್ದು. ಅಲ್ಲಿ 'ಮಾರ್ಮೆಲೊ' ಅಂದ್ರೆ ಕ್ವಿನ್ಸ್ ಅನ್ನೋ ಹಣ್ಣು, ಅದರ ಗಟ್ಟಿ ಪಾಕಕ್ಕೆ 'ಮಾರ್ಮೆಲಾಡ' ಅಂತ ಹೆಸರು. ಬ್ರಿಟನ್ನಿಗೆ ಹೋದ ಮೇಲೆ ಆ ಹೆಸರು ಕಿತ್ತಳೆಗೆ ಅಂಟಿಕೊಂಡಿತು. ಅಲ್ಲಿನವರು ಸ್ಪೇನಿನಿಂದ ಬರುವ ಸೆವಿಲ್ ಅನ್ನೋ ಕಹಿ ಕಿತ್ತಳೆ ಬಳಸ್ತಾರೆ. ಹಾಗೇ ತಿನ್ನೋಕೆ ಆಗದಷ್ಟು ಹುಳಿ, ಕಹಿ. ಸ್ಕಾಟ್ಲೆಂಡಿನ ಡಂಡೀ ಪಟ್ಟಣ ಹದಿನೆಂಟನೇ ಶತಮಾನದ ಕೊನೆಯಿಂದಲೇ ಈ ತಿನಿಸಿಗೆ ಹೆಸರುವಾಸಿ.

ಆದರೆ ಕಹಿ, ಹುಳಿ, ಸಿಹಿ ಒಟ್ಟಿಗೆ ಸೇರಿದ ರುಚಿ ನಮಗೇನು ಹೊಸದಲ್ಲ. ಹೇರಳೆಕಾಯಿ ಗೊಜ್ಜು ತಿಂದು ಬೆಳೆದವರು ನಾವು. ಹೇರಳೆ ಸಿಪ್ಪೆಯನ್ನು ಬೇಯಿಸಿ, ಬೆಲ್ಲ, ಹುಣಸೆ ಹಾಕಿ, ಕಹಿಯನ್ನು ಪೂರ್ತಿ ಕೊಲ್ಲದೆ ಹಿಡಿತಕ್ಕೆ ತರೋದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಮಾರ್ಮಲೇಡ್ ಅದರ ದೂರದ ನೆಂಟ ಅಂದುಕೊಳ್ಳಿ.

ನಮ್ಮ ಕೊಡಗಿನ ಕಿತ್ತಳೆ ಸಡಿಲ ಸಿಪ್ಪೆಯ ಮ್ಯಾಂಡರಿನ್ ಜಾತಿಯದು. ಪರಿಮಳ ಜೋರು, ಕಹಿ ಕಡಿಮೆ. ಹಾಗಾಗಿ ಬರೀ ಇದರಿಂದ ಮಾಡಿದರೆ ಪಾಕ ಸ್ವಲ್ಪ ಸಪ್ಪೆ ಸಿಹಿಯಾಗುತ್ತೆ, ಗಟ್ಟಿಯಾಗೋದೂ ನಿಧಾನ. ಸೆವಿಲ್ ಮಾಡುವ ಕೆಲಸವನ್ನು ಇಲ್ಲಿ ಒಂದು ಹೇರಳೆಕಾಯಿ ಅಥವಾ ಕಂಚಿಕಾಯಿ ಮಾಡುತ್ತೆ. ಅದೂ ಸಿಗದಿದ್ದರೆ ಎರಡು ಮೂರು ದಪ್ಪ ಸಿಪ್ಪೆಯ ನಿಂಬೆಹಣ್ಣು ಸಾಕು.

ಪಾಕ ಗಟ್ಟಿಯಾಗೋದು ಹೇಗೆ?

ಮೂರು ಜನ ಸೇರಿದರೆ ಮಾತ್ರ ಈ ಕೆಲಸ ನಡೆಯೋದು: ಪೆಕ್ಟಿನ್, ಹುಳಿ, ಸಕ್ಕರೆ.

ಪೆಕ್ಟಿನ್ ಅನ್ನೋದು ಗಿಡದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ವಸ್ತು. ಕಿತ್ತಳೆ, ನಿಂಬೆ ಜಾತಿಯಲ್ಲಿ ಇದು ರಸದಲ್ಲಿ ಕಡಿಮೆ; ಸಿಪ್ಪೆಯ ಒಳಗಿನ ಬಿಳಿ ಪದರ, ತೊಳೆಯ ಮೇಲಿನ ನಾರು, ಬೀಜದ ಸುತ್ತ ಇರುವ ಲೋಳೆಯಲ್ಲಿ ಜಾಸ್ತಿ. ಬೀಜವನ್ನು ನೀರಲ್ಲಿ ನೆನೆಸಿ ಬೆರಳಲ್ಲಿ ಮುಟ್ಟಿ ನೋಡಿ, ಜಾರುತ್ತೆ. ಅದೇ ಪೆಕ್ಟಿನ್. ಅಂಗಡಿ ಜಾಮಿಗೆ ಹಾಕುವ ಪೆಕ್ಟಿನ್ ಪುಡಿಯನ್ನೂ ಬಹುಪಾಲು ಇಂಥದೇ ಸಿಪ್ಪೆ ಮತ್ತು ಸೇಬಿನ ಚರಟದಿಂದ ತೆಗೀತಾರೆ.

ಬಿಸಿ ನೀರಿನಲ್ಲಿ ಕರಗಿದ ಪೆಕ್ಟಿನ್ ಎಳೆಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಹುಳಿ ಆ ತಳ್ಳಾಟ ನಿಲ್ಲಿಸುತ್ತೆ. ಸಕ್ಕರೆ ಸುತ್ತಲಿನ ನೀರನ್ನು ತನ್ನ ಕಡೆ ಎಳ್ಕೊಳ್ಳುತ್ತೆ. ಆಗ ಎಳೆಗಳು ಒಂದಕ್ಕೊಂದು ಹೆಣೆದು ಬಲೆಯಂತಾಗಿ ಪಾಕವನ್ನು ಹಿಡಿದಿಡುತ್ತವೆ. ಪಿಎಚ್ 3ರ ಆಸುಪಾಸು, ಕರಗಿದ ಘನಾಂಶ ನೂರಕ್ಕೆ 65 ಇದ್ದಾಗ ಈ ಬಲೆ ಚೆನ್ನಾಗಿ ಕೂಡುತ್ತೆ. 65ಕ್ಕಿಂತ ಕಡಿಮೆಯಾದರೆ ತೆಳು, ಬೂಷ್ಟು ಹಿಡಿಯುವ ಭಯ ಬೇರೆ. ತುಂಬಾ ಜಾಸ್ತಿಯಾದರೆ ಹಲ್ಲಿಗೆ ಅಂಟುವ ಮಿಠಾಯಿ.

ಹಣ್ಣಿನ ಆಯ್ಕೆ

ಸಣ್ಣದು, ಮಚ್ಚೆಯದು, ಒರಟು ಸಿಪ್ಪೆಯದು ಆಗುತ್ತೆ. ಕೊಳೆತದ್ದು, ಬೂಷ್ಟು ಬಂದದ್ದು, ಹಣ್ಣುನೊಣ ಚುಚ್ಚಿ ಮೆತ್ತಗಾದದ್ದು ಬೇಡ. ಅರ್ಧ ಕತ್ತರಿಸಿ ಉಳಿದರ್ಧ ಬಳಸುವ ಉಳಿತಾಯವೂ ಬೇಡ. ಪೂರ್ತಿ ಮಾಗಿದ್ದಕ್ಕಿಂತ ಈಗಷ್ಟೇ ಬಣ್ಣ ತಿರುಗಿದ ಹಣ್ಣಿನಲ್ಲಿ ಹುಳಿಯೂ ಪೆಕ್ಟಿನ್ನೂ ಜಾಸ್ತಿ. ಹಾಗಾಗಿ ವ್ಯಾಪಾರಿ ಬೇಡ ಅಂದ 'ಒಂದು ಬದಿ ಹಸಿರು' ಹಣ್ಣು ನಮಗೆ ಲಾಭವೇ.

ಇನ್ನೊಂದು ಮುಖ್ಯ ವಿಷಯ. ಇಲ್ಲಿ ಸಿಪ್ಪೆ ತಿನ್ನೋದು. ಸಿಪ್ಪೆ ಮೇಲೆ ಏನು ಬಿದ್ದಿದೆ ಅನ್ನೋದು ನಿಮಗೆ ಗೊತ್ತಿರಲೇಬೇಕು. ಪೇಟೆ ಹಣ್ಣಿಗಿಂತ ಸ್ವಂತ ಮರದ ಹಣ್ಣು ವಾಸಿ ಅನ್ನೋದು ಇದಕ್ಕೇ. ಸಾವಯವದವರೂ ಬೋರ್ಡೋ ದ್ರಾವಣ ಹೊಡೀತೀವಿ, ಅದು ತಾಮ್ರ. ತೊಟ್ಟಿನ ಹತ್ತಿರ ನೀಲಿ ಕಲೆ ಉಳಿದಿರಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಹಾಕಿ, ಮೆತ್ತನೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ತೊಟ್ಟಿನ ಭಾಗ ಕೆತ್ತಿ ತೆಗೆಯಿರಿ.

ಬೇಕಾದ ಸಾಮಾನು

ಕಿತ್ತಳೆ, ಹೇರಳೆ ಸೇರಿ 1 ಕೆಜಿ. ಅಂದ್ರೆ ಏಳೆಂಟು ಸಣ್ಣ ಕಿತ್ತಳೆ, ಒಂದು ಹೇರಳೆ.
ನಿಂಬೆಹಣ್ಣು 2.
ಸಕ್ಕರೆ 1 ಕೆಜಿ.
ನೀರು ಒಂದೂವರೆ ಲೀಟರ್.
ಅಗಲ ಬಾಯಿಯ ದಪ್ಪ ತಳದ ಸ್ಟೀಲ್ ಪಾತ್ರೆ. ಅಲ್ಯೂಮಿನಿಯಂ ಬೇಡ, ಕಲಾಯಿ ಹೋದ ಹಿತ್ತಾಳೆಯೂ ಬೇಡ. ಹುಳಿ ಲೋಹವನ್ನು ತಿನ್ನುತ್ತೆ.
ಒಂದು ತೆಳು ಬಿಳಿ ಹತ್ತಿ ಬಟ್ಟೆ, 250 ಗ್ರಾಂ ಹಿಡಿಯುವ ಆರೇಳು ಗಾಜಿನ ಬಾಟಲಿ.
ಅಡುಗೆಮನೆ ತಕ್ಕಡಿ. ಥರ್ಮಾಮೀಟರ್ ಇದ್ದರೆ ಒಳ್ಳೇದು, ಇಲ್ಲದಿದ್ದರೂ ನಡೆಯುತ್ತೆ.

ಶನಿವಾರ ಸಂಜೆಯ ಕೆಲಸ

ಸಿಪ್ಪೆ ಬಿಡಿಸಿ. ಒಳಗಿನ ಬಿಳಿ ನಾರನ್ನು ಚಮಚದಿಂದ ಕೆರೆದು ಒಂದು ತಟ್ಟೆಗೆ ಹಾಕ್ಕೊಳ್ಳಿ, ಎಸೀಬೇಡಿ. ತೊಳೆಗಳನ್ನು ಹಿಂಡಿ ರಸ ತೆಗೆದು ಫ್ರಿಜ್ಜಿನಲ್ಲಿಡಿ. ಬೀಜ, ಹಿಂಡಿದ ತೊಳೆಯ ಚರಟ, ಕೆರೆದ ನಾರು, ಹಿಂಡಿದ ನಿಂಬೆಯ ಹೋಳು ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ.

ಸಿಪ್ಪೆಯನ್ನು ಬೀನ್ಸ್ ಪಲ್ಯಕ್ಕೆ ಹೆಚ್ಚುವಷ್ಟು ತೆಳುವಾಗಿ ಉದ್ದುದ್ದ ಹೆಚ್ಚಿ. ಹೇರಳೆ ಸಿಪ್ಪೆಯನ್ನು ಮಾತ್ರ ಬೇರೆ ನೀರಿನಲ್ಲಿ ಐದು ನಿಮಿಷ ಕುದಿಸಿ ಆ ನೀರು ಚೆಲ್ಲಿ, ಇಲ್ಲಾಂದ್ರೆ ಕಹಿ ಮೇಲುಗೈ ಆಗುತ್ತೆ. ಎಲ್ಲ ಸಿಪ್ಪೆ, ಬಟ್ಟೆಯ ಗಂಟು, ಒಂದೂವರೆ ಲೀಟರ್ ನೀರು ಪಾತ್ರೆಗೆ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಪೆಕ್ಟಿನ್ ನೀರಿಗೆ ಇಳಿಯೋಕೆ ಈ ಸಮಯ ಬೇಕು.

ಈ ಹೆಚ್ಚುವ ಕೆಲಸ ಒಬ್ಬರೇ ಮಾಡಿದರೆ ಬೇಜಾರು. ನಮ್ಮ ಮನೆಯಲ್ಲಿ ಅಮ್ಮ ಸಿಪ್ಪೆ ಹೆಚ್ಚುತ್ತಾರೆ, ನಾನೂ ನನ್ನ ಹೆಂಡತಿಯೂ ನಾರು ಕೆರೀತೀವಿ, ಮಗಳಿಗೆ ಬೀಜ ಹೆಕ್ಕುವ ಕೆಲಸ. ಹೆಕ್ಕಿದ್ದರಲ್ಲಿ ಅರ್ಧ ಎಣಿಸೋಕೆ ಹೋಗುತ್ತೆ, ಪರವಾಗಿಲ್ಲ. ಕರೆಂಟ್ ಹೋದರೂ ಕೆಲಸ ನಿಲ್ಲಲ್ಲ. ಬೆರಳಿಗೆ ಹತ್ತಿದ ಸಿಪ್ಪೆಯೆಣ್ಣೆಯ ವಾಸನೆ ಮರುದಿನ ಹಾಲು ಕರೆಯುವಾಗಲೂ ಇರುತ್ತೆ. ಹುಡುಗರಿಗೆ ಒಂದು ಮಾತು: 'ಅಡುಗೆಮನೆ ಕೆಲಸ, ಅಮ್ಮ ನೋಡ್ಕೊಳ್ತಾರೆ' ಅಂತ ಈ ಲೇಖನವನ್ನು ಫಾರ್ವರ್ಡ್ ಮಾಡಿ ಕೂತ್ಕೋಬೇಡಿ. ಚಾಕು ನೀವೇ ಹಿಡೀರಿ.

ಭಾನುವಾರದ ಕೆಲಸ

ನೆನೆದ ನೀರಿನ ಸಮೇತ ಸಿಪ್ಪೆ ಬೇಯಲು ಇಡಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಸಿಪ್ಪೆಯ ಒಂದು ಚೂರನ್ನು ಎರಡು ಬೆರಳ ನಡುವೆ ಒತ್ತಿದರೆ ಮೇಣದಂತೆ ನುರಿಯಬೇಕು. ಇಲ್ಲಿ ಆತುರ ಮಾಡಬೇಡಿ. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮತ್ತೆ ಬೇಯಲ್ಲ, ಗಟ್ಟಿಯಾಗುತ್ತಲೇ ಹೋಗುತ್ತೆ.

ಗಂಟನ್ನು ತೆಗೆದು ತಣಿಸಿ, ಪಾತ್ರೆಯ ಮೇಲೆ ಹಿಡಿದು ಶಕ್ತಿ ಹಾಕಿ ಹಿಂಡಿ. ಗಂಜಿಯಂಥ ಲೋಳೆ ಬರುತ್ತೆ. ಅದನ್ನು ಪಾತ್ರೆಗೇ ಬಿಡಿ, ನಿಮ್ಮ ಪಾಕ ಗಟ್ಟಿಯಾಗೋದು ಅದರಿಂದ. ಈಗ ತೆಗೆದಿಟ್ಟ ರಸ, ನಿಂಬೆರಸ, ಸಕ್ಕರೆ ಹಾಕಿ. ಸಕ್ಕರೆ ಪೂರ್ತಿ ಕರಗುವ ತನಕ ಸಣ್ಣ ಉರಿ. ಕರಗಿದ ಮೇಲೆ ಜೋರು ಉರಿ. ಮುಚ್ಚಳ ಬೇಡ, ನೀರು ಆವಿಯಾಗಬೇಕು. ಆಗಾಗ ತಳ ಹಿಡಿಯದಂತೆ ತಿರುವಿ. ಮೊಬೈಲಿನಲ್ಲಿ 15 ನಿಮಿಷಕ್ಕೆ ಟೈಮರ್ ಇಡಿ, ಅಲ್ಲಿಂದ ಹದ ನೋಡಲು ಶುರು ಮಾಡಿ. ಪಾತ್ರೆಯ ಅಗಲ ನೋಡಿಕೊಂಡು 20ರಿಂದ 40 ನಿಮಿಷ ಆಗಬಹುದು.

105 ಡಿಗ್ರಿಯ ಲೆಕ್ಕ ಮಲೆನಾಡಿಗೆ ಹೊಂದಲ್ಲ

ಯೂಟ್ಯೂಬ್ ವಿಡಿಯೊಗಳಲ್ಲಿ '105 ಡಿಗ್ರಿ ಸೆಲ್ಸಿಯಸ್ ಬರೋ ತನಕ ಕುದಿಸಿ' ಅಂತಾರೆ. ಸಮುದ್ರ ಮಟ್ಟದಲ್ಲಿ ಅದು ಸರಿ. ಎತ್ತರ ಹೆಚ್ಚಾದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗ ಕುದಿಯುತ್ತೆ. ಅಂದಾಜು ಪ್ರತಿ 300 ಮೀಟರಿಗೆ 1 ಡಿಗ್ರಿ ಇಳೀತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಬೆಂಗಳೂರಿನಲ್ಲಿ ಸುಮಾರು 97, ಮಡಿಕೇರಿಯಲ್ಲಿ ಸುಮಾರು 96.

ಹಾಗಾಗಿ ಸೂತ್ರ ಇದು: ನಿಮ್ಮ ಊರಲ್ಲಿ ನೀರು ಕುದಿಯುವ ಡಿಗ್ರಿಗೆ ನಾಲ್ಕೂವರೆ ಕೂಡಿಸಿ. ಮಡಿಕೇರಿಯಲ್ಲಿ 100 ದಾಟುತ್ತಿದ್ದಂತೆ ಹದ ಬಂದಿರುತ್ತೆ. ಅಲ್ಲಿ 105ಕ್ಕೆ ಕಾದು ಕೂತರೆ ಸಿಗೋದು ಮಿಠಾಯಿ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಅದ್ದಿ ನೋಡಿ, ನಿಮ್ಮ ಊರಿನ ಅಂಕಿ ಅಲ್ಲೇ ಸಿಗುತ್ತೆ. ನಿಮ್ಮ ಜಾಗದ ಎತ್ತರ ಬೇಕಿದ್ದರೆ ಮೊಬೈಲಿನ ಜಿಪಿಎಸ್ ಆ್ಯಪ್ ತೋರಿಸುತ್ತೆ.

ಥರ್ಮಾಮೀಟರ್ ಇಲ್ಲದವರಿಗೆ ತಕ್ಕಡಿ ಇದೆ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಸಕ್ಕರೆ 1000 ಗ್ರಾಂ, ಹಣ್ಣಿನ ಘನಾಂಶ ಅಂದಾಜು 90 ಗ್ರಾಂ, ಒಟ್ಟು 1090 ಗ್ರಾಂ. ಇದು ನೂರಕ್ಕೆ 66ರಷ್ಟು ಆಗಬೇಕಾದರೆ ಒಟ್ಟು ಪಾಕ ಸುಮಾರು 1650 ಗ್ರಾಂ ಇರಬೇಕು. ಪಾತ್ರೆಯ ತೂಕ ಕಳೆದು ಅಷ್ಟಕ್ಕೆ ಬಂದರೆ ಒಲೆ ಆರಿಸಿ. ತೂಗುವಾಗ ಪಾತ್ರೆ ಬೆಂಕಿಯಷ್ಟೇ ಬಿಸಿ, ದಪ್ಪ ಬಟ್ಟೆ ಹಿಡಿದು ಎತ್ತಿ, ತಕ್ಕಡಿ ಮೇಲೆ ಮರದ ಹಲಗೆ ಇಡಿ, ಮಕ್ಕಳನ್ನು ದೂರ ಇಡಿ.

ಕೊನೆಯ ಪರೀಕ್ಷೆ ಹಳೇ ಕಾಲದ್ದು. ಒಂದು ತಟ್ಟೆಯನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಅದರ ಮೇಲೆ ಒಂದು ಚಮಚ ಪಾಕ ಬಿಟ್ಟು ಎರಡು ನಿಮಿಷ ಬಿಡಿ. ಬೆರಳಿಂದ ತಳ್ಳಿದಾಗ ಮೇಲ್ಭಾಗ ಸುಕ್ಕುಗಟ್ಟಿದರೆ ಹದ ಬಂತು. ನೀರಿನಂತೆ ಹರಿದರೆ ಇನ್ನೈದು ನಿಮಿಷ. ಪರೀಕ್ಷೆ ಮಾಡುವಾಗ ಉರಿ ಸಣ್ಣ ಮಾಡೋದು ಮರೀಬೇಡಿ.

ಬಾಟಲಿ ತುಂಬೋದು

ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಒದ್ದೆ ಉಳಿಯದಂತೆ ಒಣಗಿಸಿ. ಒಲೆ ಆರಿಸಿದ ಮೇಲೆ ಪಾಕವನ್ನು ಹತ್ತು ನಿಮಿಷ ಹಾಗೇ ಬಿಡಿ, ಆಮೇಲೆ ಒಮ್ಮೆ ತಿರುವಿ ತುಂಬಿ. ತಕ್ಷಣ ತುಂಬಿದರೆ ಸಿಪ್ಪೆಯೆಲ್ಲ ಮೇಲೆ ತೇಲಿ ಕೆಳಗೆ ಬರೀ ಪಾಕ ಉಳಿಯುತ್ತೆ. ಬಾಟಲಿ ಬೆಚ್ಚಗಿರಲಿ, ಪಾಕ ಬಿಸಿಯಿರಲಿ, ಕತ್ತಿನವರೆಗೂ ತುಂಬಿ ಬಿಗಿಯಾಗಿ ಮುಚ್ಚಿ. ಚೀಟಿ ಅಂಟಿಸಿ ದಿನಾಂಕ ಬರೆಯಿರಿ. ಯಾವ ಮರದ ಹಣ್ಣು ಅಂತಲೂ ಬರೆಯಿರಿ, ಮುಂದಿನ ವರ್ಷ ಉಪಯೋಗಕ್ಕೆ ಬರುತ್ತೆ. ಪೂರ್ತಿ ಗಟ್ಟಿಯಾಗೋಕೆ ಒಂದು ದಿನ ಬೇಕು, ಅಷ್ಟರಲ್ಲಿ ಬಾಟಲಿ ಅಲುಗಾಡಿಸಿ ನೋಡ್ತಾ ಇರಬೇಡಿ.

ಹದ ತಪ್ಪಿದರೆ

ಮರುದಿನವೂ ತೆಳುವಾಗಿದ್ದರೆ ಎಲ್ಲ ಪಾತ್ರೆಗೆ ಸುರಿದು ಒಂದು ನಿಂಬೆರಸ ಹಾಕಿ ಮತ್ತೆ ಕುದಿಸಿ. ತುಂಬಾ ಗಟ್ಟಿಯಾಗಿದ್ದರೆ ಅರ್ಧ ಲೋಟ ಬಿಸಿನೀರು ಹಾಕಿ ಒಂದು ಕುದಿ. ಸಕ್ಕರೆ ಹರಳುಗಟ್ಟಿದರೆ ಹುಳಿ ಕಡಿಮೆಯಾಗಿದೆ ಅಥವಾ ಕುದಿ ಜಾಸ್ತಿಯಾಗಿದೆ. ಬೂಷ್ಟು ಕಂಡರೆ ಮಾತ್ರ ಆ ಬಾಟಲಿ ಪೂರ್ತಿ ಎಸೆಯಿರಿ, ಮೇಲಿನದ್ದು ತೆಗೆದು ಕೆಳಗಿನದ್ದು ತಿನ್ನೋದು ಬೇಡ.

ಬೆಲ್ಲ ಹಾಕಬಹುದಾ ಅಂತ ಬಹಳ ಜನ ಕೇಳ್ತೀರಿ. ಹಾಕಬಹುದು. ಬಣ್ಣ ಕಪ್ಪಾಗುತ್ತೆ, ಕಿತ್ತಳೆಯ ಪರಿಮಳ ಬೆಲ್ಲದ ಕೆಳಗೆ ಮುಚ್ಚಿಹೋಗುತ್ತೆ, ಪಾಕ ಅಷ್ಟು ಗಟ್ಟಿಯಾಗಲ್ಲ. ಗೊಜ್ಜಿನ ಹಾಗೆ ಸಡಿಲವಾಗಿ ಇರೋದು ಇಷ್ಟವಾದರೆ ಮಾಡಿ, ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ.

ಮಾರೋದು ಆಮೇಲೆ, ಮೊದಲು ಮನೆಗೆ

ಖರ್ಚು ಹೇಳ್ತೀನಿ. ಹೋದ ಸಲ ನನಗೆ ಸಕ್ಕರೆ, ನಿಂಬೆ, ಗ್ಯಾಸ್, ಬಾಟಲಿ ಎಲ್ಲ ಸೇರಿ 250 ಗ್ರಾಂ ಬಾಟಲಿಗೆ ಹತ್ತಿರ ಹತ್ತಿರ 35 ರೂಪಾಯಿ ಬಿತ್ತು. ಹಣ್ಣಿನ ಲೆಕ್ಕ ಹಾಕಿಲ್ಲ, ಅದು ಎಸೆಯುವ ಹಣ್ಣು. ದುಡಿಮೆಯ ಲೆಕ್ಕವನ್ನೂ ಹಾಕಿಲ್ಲ. ಇದನ್ನು ಓದಿದ ಕೂಡಲೇ ನಿಮ್ಮಲ್ಲಿ ಹಲವರು 'ಬ್ರ್ಯಾಂಡ್ ಮಾಡೋಣ, ಇನ್‌ಸ್ಟಾದಲ್ಲಿ ಮಾರೋಣ' ಅಂತ ಯೋಚನೆ ಮಾಡಿರ್ತೀರಿ. ಒಳ್ಳೇದೇ. ಮಾರೋದಾದರೆ ಸಣ್ಣ ಪ್ರಮಾಣಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದನ್ನು ಫಾಸ್ಕಾಸ್ ಪೋರ್ಟಲ್ಲಿನಲ್ಲಿ ಮೊಬೈಲಿಂದಲೇ ಮಾಡಬಹುದು. 65ರ ಘನಾಂಶವನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ ಅಳೆದು ಪ್ರತಿ ಸಲವೂ ಬರೆದಿಡಬೇಕು. ಮನೆಯವರ ದುಡಿಮೆಗೆ ಕೂಲಿ ಹಾಕಿ ಬೆಲೆ ಕಟ್ಟಬೇಕು.

ಆದರೆ ಮೊದಲ ವರ್ಷ ಆರೇ ಬಾಟಲಿ ಮಾಡಿ, ಒಂದನ್ನೂ ಮಾರಬೇಡಿ ಅನ್ನೋದು ನನ್ನ ಸಲಹೆ. ಕಾರಣ ಇದೆ. ನಮ್ಮಲ್ಲಿ ಬೆಳೆದದ್ದೆಲ್ಲ ಲಾರಿ ಹತ್ತೋದು, ನಾವು ಪೇಟೆಯಿಂದ ಜಾಮ್ ಬಾಟಲಿ ತರೋದು ಅಭ್ಯಾಸವಾಗಿದೆ. ಮನೆಯವರು ತಿನ್ನದ ಬೆಳೆಯ ಮೇಲೆ ಮನೆಯವರಿಗೆ ಪ್ರೀತಿ ಇರಲ್ಲ. ಬೆಲೆ ಬಿದ್ದ ವರ್ಷ ಅದನ್ನು ಕಡಿಯೋಕೆ ಯಾರೂ ಹಿಂದೆಮುಂದೆ ನೋಡಲ್ಲ.

ಕೊಡಗಿನ ಕಿತ್ತಳೆಗೆ ಆಗ್ತಿರೋದು ಇದೇ. ಭೌಗೋಳಿಕ ಸೂಚಕದ ಮಾನ್ಯತೆ ಇರುವ ಹಣ್ಣು ಇದು. ಆದರೂ ಸೈಲಿಡ್ ಅನ್ನೋ ಸಣ್ಣ ಕೀಟ ಹರಡುವ ಗ್ರೀನಿಂಗ್ ರೋಗ, ಬೇರು ಕೊಳೆಯೋದು, ಬೆಲೆಯ ಏರಿಳಿತ ಎಲ್ಲ ಸೇರಿ ಕಾಫಿ ತೋಟಗಳಿಂದ ಕಿತ್ತಳೆ ಮರ ಖಾಲಿಯಾಗುತ್ತಾ ಬಂದಿದೆ. ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪನೂ ಹೇಳಿದ್ದರು: "ಮಗಾ, ಆ ಆರು ಮರದಿಂದ ಏನು ಹುಟ್ಟುತ್ತೆ? ಕಡ್ದು ಸಿಲ್ವರ್ ಹಾಕು, ಮೆಣಸು ಹಬ್ಸು." ಲೆಕ್ಕದ ಪ್ರಕಾರ ಅವರ ಮಾತು ಸುಳ್ಳಲ್ಲ. ನಾನು ವಾದ ಮಾಡಲಿಲ್ಲ. ಆ ಮರಗಳ ಹಣ್ಣಿನಿಂದ ಮಾಡಿದ ಒಂದು ಬಾಟಲಿ ಅವರ ಮನೆಗೆ ಕೊಟ್ಟು ಬಂದೆ. ಅಕ್ಕಿರೊಟ್ಟಿ ಜೊತೆ ತಿಂದು ಮುಗಿಸಿ ಖಾಲಿ ಬಾಟಲಿ ತೊಳೆದು ವಾಪಸ್ ಕಳಿಸಿದರು. ಮರ ಕಡಿಯೋ ಮಾತು ಆಮೇಲೆ ಎತ್ತಿಲ್ಲ, ಬಾಟಲಿ ಮಾತ್ರ ಪ್ರತಿ ವರ್ಷ ಬರುತ್ತೆ.

ಒಂದು ಬಾಟಲಿಯಿಂದ ರೋಗ ವಾಸಿಯಾಗಲ್ಲ, ಬೆಲೆ ಏರಲ್ಲ. ಅದಕ್ಕೆ ಬೇರೆ ಕೆಲಸ ಇದೆ. ಕೊಯ್ಲು ಮುಗಿದ ಮೇಲೆ ಒಣಗಿದ ಕೊಂಬೆ ಸವರಿ, ಬುಡದಲ್ಲಿ ನೀರು ನಿಲ್ಲದಂತೆ ನೋಡ್ಕೊಳ್ಳಿ, ಹೊಸ ಚಿಗುರಿನ ಮೇಲೆ ಸೈಲಿಡ್ ಇದೆಯಾ ಅಂತ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಹೊಸ ಗಿಡ ಬೇಕಾದರೆ ಸಂತೆಯಲ್ಲಿ ಸಿಕ್ಕಿದ್ದು ತರದೆ ರೋಗಮುಕ್ತ ನರ್ಸರಿಯಿಂದಲೇ ತನ್ನಿ. ಕೊಡಗಿನವರಿಗೆ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಹತ್ತಿರವಿದೆ, ಅಲ್ಲಿ ವಿಚಾರಿಸಿ.

ಈ ಕೆಲಸಗಳನ್ನೆಲ್ಲ ಮಾಡೋಕೆ ಮನಸ್ಸು ಬರಬೇಕಾದರೆ ಮರದ ಜೊತೆ ಮನೆಗೆ ಒಂದು ನಂಟು ಬೇಕು. ಬೆಳಿಗ್ಗೆ ಬಿಸಿ ರೊಟ್ಟಿ ಮೇಲೆ ಸವರಿದ ಪಾಕದಲ್ಲಿ ಹೊಳೆಯುವ ಸಿಪ್ಪೆಯ ಎಳೆ ನೋಡಿ, 'ಇದು ಬಾವಿ ಹತ್ತಿರದ ಮರದ್ದು' ಅಂತ ಮಗು ಹೇಳಿದರೆ ಸಾಕು, ಆ ನಂಟು ಶುರುವಾಯ್ತು. ಹಿಂಡಿದ ಗಂಟಿನ ಚರಟ ಉಳಿದಿರುತ್ತಲ್ಲ, ಅದನ್ನು ಗೊಬ್ಬರದ ಗುಂಡಿಗೆ ಹಾಕಿ. ಪೆಕ್ಟಿನ್ ಕೊಟ್ಟು ಮುಗಿದ ಮೇಲೆ ಅದು ಅಲ್ಲಿಗೆ ಹೋಗಲಿ, ಅದಕ್ಕಿಂತ ಮುಂಚೆ ಬೇಡ.